ಕಾಕಾರ ಸಿಪಿಯುಗೆ 32 ಜಿಬಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಎಲ್ಲಿ ಬಸ್ಸು ಇಳಿದರೂ ಎದುರಿಗೊಂದು ಝೆರಾಕ್ಸ್ ಅಂಗಡಿ ಇರುತ್ತದೆ. ಅದರ ಮೂಲೆಯಲ್ಲೊಂದು ಕಂಪ್ಯೂಟರ್ ಕೂತಿರುತ್ತದೆ. ದಿನಾ ಊದಿನಕಡ್ಡಿ, ದಸರಾಕ್ಕೆ ಕುಂಕುಮ, ವರ್ಷವಿಡೀ ಎರಿಮಣ್ಣಿನ ಧೂಳು. ಇಷ್ಟೆಲ್ಲ ಸೇವೆ ಮಾಡಿಸಿಕೊಂಡರೂ ಪಹಣಿಯ ಉತಾರ ತೆಗೆಯುವ ಹೊತ್ತಿಗೆ ಅದು ಬಿಳಿ ಪರದೆ ತೋರಿಸಿ ಸುಮ್ಮನಾಗುತ್ತದೆ.

"ಏನ್ರಿ ಕಾಕಾ, ಸರ್ವರ್ ಡೌನ್ ಐತೇನ್ರಿ?"

"ಹೂಂ ತಮ್ಮಾ, ಮುಂಜಾನಿಂದ ಡೌನ್ ಐತಿ ನೋಡು."

ಮಾಡದ ತಪ್ಪಿಗೆ ಬೈಸಿಕೊಳ್ಳುವುದರಲ್ಲಿ ಸರ್ವರ್‌ನಷ್ಟು ಪಾಪದ ಪ್ರಾಣಿ ಇನ್ನೊಂದಿಲ್ಲ. ಭೂಮಿ ಯೋಜನೆಯಲ್ಲಿ 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿ, ತಲಾಠಿಯ ಹಿಂದೆ ತಿರುಗುವ ಕಷ್ಟ ತಪ್ಪಿ, ಎರಡು ದಶಕಗಳೇ ಕಳೆದವು. ಈಗ ಅಂಗಡಿಯ ಕಾಕಾರ ಯಂತ್ರದ ಮುಂದೆ ನಿಲ್ಲುವ ಕಷ್ಟ. ಯಂತ್ರದಲ್ಲಿರುವ ಮೆಮರಿ 2 ಜಿಬಿ. ಅಷ್ಟರಲ್ಲೇ ಅದು ಬ್ರೌಸರು, ಪ್ರಿಂಟರು, ಆ್ಯಂಟಿವೈರಸ್ಸು, ಜೊತೆಗೆ ಕಾಕಾರು ನೋಡುವ ಯೂಟ್ಯೂಬ್ ಭಜನೆ, ಎಲ್ಲವನ್ನೂ ಸಂಭಾಳಿಸಬೇಕು.

"ರ‍್ಯಾಮ್ ಹಾಕಸ್ರಿ, ಓಡತೈತಿ" ಎಂದು ಯಾರೋ ಕಿವಿಯಲ್ಲಿ ಊದಿದರು. ಕಾಕಾ ಸಣ್ಣದಕ್ಕೆ ಕೈ ಹಾಕುವ ಆಸಾಮಿಯಲ್ಲ. "ಹಾಕೂದ ಹೌದಂದ್ರ 32 ಜಿಬಿ ಹಾಕು. ಮೊಮ್ಮಕ್ಕಳ ತನಕಾ ಯಾರೂ ಸಿಪಿಯು ಬಿಚ್ಚಬಾರದು!"

ಹುಬ್ಬಳ್ಳಿಯ ರಿಪೇರಿ ಹುಡುಗ ಬಿಚ್ಚಿದ. ನವಲಗುಂದದ ಸೀಮೆಯಲ್ಲಿ ಸಿಪಿಯು ಬಿಚ್ಚಿದರೆ ಮೊದಲು ಸಿಗುವುದು ಮೆಮರಿಯಲ್ಲ, ಹೊಲ. ಫ್ಯಾನಿನ ರೆಕ್ಕೆಯ ಮೇಲೆ ಕೂತ ಎರಿಮಣ್ಣಿಗೆ ಬೇರೆಯೇ ಒಂದು ಉತಾರ ಮಾಡಿಸಬಹುದು. ಕಲಘಟಗಿ ಕಡೆ ಧೂಳು ಕಡಿಮೆ, ಮಳೆಗಾಲದ ಥಂಡಿ ಹೆಚ್ಚು. ಅಲ್ಲಿ ರ‍್ಯಾಮಿನ ಬಂಗಾರದ ಬಣ್ಣದ ಹಲ್ಲುಗಳು ಮಾಸಿರುತ್ತವೆ. ಎರಡಕ್ಕೂ ಒಂದೇ ಔಷಧ: ಒಂದು ಬ್ರಷ್ಷು, ಒಂದು ಸಾಲಿ ಹುಡುಗರ ರಬ್ಬರು. ವಾಯರ್ ಕಿತ್ತಿಟ್ಟು, ಕಡ್ಡಿ ಹೊರತೆಗೆದು, ಹಲ್ಲುಗಳನ್ನು ಮೆಲ್ಲಗೆ ತಿಕ್ಕಿ, ಬದಿಯ ಕ್ಲಿಪ್ಪು 'ಟಕ್' ಅನ್ನುವ ತನಕ ಒತ್ತಿ ಕೂರಿಸಿದರೆ ಎಷ್ಟೋ ಯಂತ್ರಗಳ 'ಬೀಪ್ ಬೀಪ್' ಅಲ್ಲೇ ನಿಲ್ಲುತ್ತದೆ. ಬಲ್ಲ ಹುಡುಗರು ಇದನ್ನು ಗಿರಾಕಿಯ ಕಣ್ಣೆದುರು ಮಾಡುವುದಿಲ್ಲ. ರಬ್ಬರು ನೋಡಿದವನು ಬಿಲ್ಲು ಕೊಟ್ಟಾನೆಯೇ?

ಮಣ್ಣು ಸರಿಸಿದ ಮೇಲೆ ಬೋರ್ಡಿನ ಹೆಸರು ಕಂಡಿತು. ಒಳಗಿರುವುದು ಇಂಟೆಲ್‌ನ ಜಿ41 ಚಿಪ್‌ಸೆಟ್ಟು, ಡಿಡಿಆರ್3 ಕಡ್ಡಿಗೆ ಎರಡು ಸ್ಲಾಟು.

"ಕಾಕಾ, ಇದು 8 ಜಿಬಿ ಮ್ಯಾಲ ತಗೊಳ್ಳಂಗಿಲ್ರಿ."

"ಯಾಕ ತಗೊಳ್ಳಂಗಿಲ್ಲ? ರೊಕ್ಕಾ ಕೊಡಾಂವ ನಾನು, ಅದಕ್ಕೇನ ತ್ರಾಸ?"

ತ್ರಾಸ ಇರುವುದು 8ರಲ್ಲೂ ಹೌದು. 4 ಜಿಬಿ ಕಡ್ಡಿ ಎರಡು ನಮೂನೆಯಲ್ಲಿ ಬರುತ್ತದೆ. ಒಂದರಲ್ಲಿ ತಲಾ 2 ಗಿಗಾಬಿಟ್‌ನ 16 ಚಿಪ್ಪು, ಇನ್ನೊಂದರಲ್ಲಿ ತಲಾ 4 ಗಿಗಾಬಿಟ್‌ನ 8 ಚಿಪ್ಪು. ಲೆಕ್ಕ ಎರಡರದೂ ಒಂದೇ, ರೂಪವೂ ಹೆಚ್ಚುಕಡಿಮೆ ಒಂದೇ. ಆದರೆ ಜಿ41 ಹುಟ್ಟಿದ ಕಾಲದ ಲೆಕ್ಕದಲ್ಲಿ ಅಷ್ಟು ದಪ್ಪ ಚಿಪ್ಪಿಗೆ ಜಾಗವೇ ಇರಲಿಲ್ಲ. 8 ಚಿಪ್ಪಿನದನ್ನು ಹಾಕಿದರೆ ಕಲಘಟಗಿಯ ಬಣ್ಣದ ತೊಟ್ಟಿಲಿನಲ್ಲಿ ಅಜ್ಜನನ್ನು ಮಲಗಿಸಿದಂತೆ: ತೊಟ್ಟಿಲೂ ಗಟ್ಟಿ, ಅಜ್ಜನೂ ಗಟ್ಟಿ, ಕಾಲು ಮಾತ್ರ ಹೊರಗೆ. ಯಂತ್ರ ಬೀಪ್ ಎನ್ನುತ್ತದೆ, ಇಲ್ಲವೇ ಕಪ್ಪು ಪರದೆ ಹೊದ್ದು ಮಲಗುತ್ತದೆ. ಹಾಗಾಗಿ ಕೊಳ್ಳುವಾಗ ಎರಡೂ ಮಗ್ಗುಲು ತಿರುಗಿಸಿ ಚಿಪ್ಪು ಎಣಿಸಬೇಕು. ಬದನೆಕಾಯಿಯ ಹುಳುಕು ಹುಡುಕಿ ಸಂತೆ ಮಾಡುವ ನಮ್ಮ ಜನಕ್ಕೆ ಇದೇನು ದೊಡ್ಡದಲ್ಲ.

ಕಾಕಾ ಬೆರಳು ಮಡಚಿದರು. "ಹದಿನಾರ ಎರಡ್ಲೆ ಮೂವತ್ತೆರಡು. ಐತಲ್ಲೋ ಮತ್ತ 32!"

"ಅದು ಬಿಟ್ಟು ಲೆಕ್ಕರಿ ಕಾಕಾ. ಎಂಟು ಬಿಟ್ಟು ಕೂಡಿದ್ರ ಒಂದು ಬೈಟು."

"ಅಳತಿ ಹೆಸರು ಅಷ್ಟ ಬದಲು ಮಾಡಿ ರೊಕ್ಕಾ ಕೀಳತೀರಿ ನೀವು."

ಅಷ್ಟರಲ್ಲಿ ಕಾಕಾರ ಅಳಿಯ ತನ್ನ ಕಂಪ್ಯೂಟರಿನ ಹಳೇ ಡಿಡಿಆರ್4 ಕಡ್ಡಿ ಹಿಡಿದು ಬಂದ. ಡಿಡಿಆರ್3ಕ್ಕೆ 240 ಪಿನ್ನು, ಅದಕ್ಕೆ 288. ನಡುವಿನ ಕಚ್ಚೂ ಬೇರೆ ಕಡೆ. ಅಳಿಯ ಎಂಬ ಮರ್ಯಾದೆಗೆ ಕಚ್ಚು ಸರಿಯುವುದಿಲ್ಲ.

ಕಡೆಗೆ 16 ಚಿಪ್ಪಿನ ಎರಡು ಕಡ್ಡಿ ಕೂತು, ಯಂತ್ರ ಎದ್ದಿತು. ತೋರಿಸಿದ್ದು: 8 ಜಿಬಿ ಇದೆ, ಬಳಸಲು ಬರುವುದು 3.25 ಜಿಬಿ. ಕಾಕಾರ ಮುಖ ಕೆಂಪಾಯಿತು. "ಉಳಿದದ್ದನ್ನ ಯಾರ ತಿಂದ್ರು?"

ತಿಂದವನು 32 ಬಿಟ್‌ನ ವಿಂಡೋಸ್ 7. ಅದರ ಕೈಯಲ್ಲಿರುವುದು 429 ಕೋಟಿ 49 ಲಕ್ಷ 67 ಸಾವಿರದ 296 ವಿಳಾಸ, ಅಂದರೆ 4 ಜಿಬಿಯಷ್ಟು. ಅದರಲ್ಲೂ ಗ್ರಾಫಿಕ್ಸು ಮತ್ತಿತರ ಸಾಧನಗಳು ತಮ್ಮ ಹಿಸ್ಸೆ ಮೊದಲೇ ಬರೆಸಿಕೊಂಡಿರುತ್ತವೆ. 64 ಬಿಟ್‌ನದು ಹಾಕದೆ ಗತಿಯಿಲ್ಲ. ಹೇಗೂ ವಿಂಡೋಸ್ 7ರ ಆರೈಕೆಯನ್ನು ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ನಿಲ್ಲಿಸಿದೆ. ಮೊದಲು ವಿಚಾರಿಸಬೇಕಾದದ್ದು ಹಳೇ ಪ್ರಿಂಟರಿಗೆ 64 ಬಿಟ್ ಡ್ರೈವರ್ ಸಿಗುತ್ತದೆಯೇ ಎಂದು. ಇಲ್ಲದಿದ್ದರೆ ಉತಾರ ಪರದೆಯ ಮೇಲೆ ಸರಸರ ಬಂದೀತು, ಕಾಗದದ ಮೇಲೆ ಇಳಿಯಲಿಕ್ಕಿಲ್ಲ.

ನನ್ನನ್ನು ಕೇಳಿದರೆ, ಇಂಥ ಯಂತ್ರದ ಅರ್ಧ ಜಡತನ ರ‍್ಯಾಮಿನದಲ್ಲ, ಗರಗರ ತಿರುಗುವ ಹಳೇ ಹಾರ್ಡ್‌ಡಿಸ್ಕಿನದು. 8 ಜಿಬಿ ಝೆರಾಕ್ಸ್ ಅಂಗಡಿಗೆ ಧಾರಾಳ. ಉಳಿದ ದುಡ್ಡನ್ನು ಎಸ್‌ಎಸ್‌ಡಿಗೆ ಹಾಕುವುದು ಜಾಣತನ. ಹುಡುಗನೂ ಅದನ್ನೇ ಹೇಳಿದ.

"ಎಷ್ಟರದು ಬರತೈತಿ ಅದು?" ಕಾಕಾ ಕೇಳಿದರು.

"240 ಜಿಬಿರಿ."

"240!" ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು. "ಮೊದಲ ಹೇಳಬಾರದೇನೋ ತಮ್ಮಾ? ಬರೇ ಮೂವತ್ತೆರಡಕ್ಕ ಮುಂಜಾನಿಂದ ಬಾಯಿ ಮಾಡ್ಕೋತ ಕುಂತೀವಿ!"