ಮ್ಯಾಟಡೋರ್ ಜೀರ್ಣೋದ್ಧಾರಕ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಅಲ್ಲಲ್ಲಿ ಕಾಣಸಿಗುವ ಗೃಹಸ್ಥರ ಒಂದು ವರ್ಗವನ್ನು, ಶಾಸ್ತ್ರಗ್ರಂಥಗಳಲ್ಲಿ ಬೇರೆ ಹೆಸರಿಲ್ಲದ ಕಾರಣ, ಮ್ಯಾಟಡೋರ್ ಜೀರ್ಣೋದ್ಧಾರಕರೆಂದು ಕರೆಯಬಹುದು. ಈ ವರ್ಗದವನು ಸಾಮಾನ್ಯವಾಗಿ ನಿವೃತ್ತ ಹೈಸ್ಕೂಲು ಮಾಸ್ತರನಾಗಿದ್ದು, ಕೈಯಲ್ಲಿ ಪಿಂಚಣಿಯೂ ಹಿತ್ತಲಲ್ಲಿ ಜಾಗವೂ ಇರುವುದರಿಂದ, ಗುಜರಿಗೆ ಹೋಗಬೇಕಾಗಿದ್ದ ವ್ಯಾನೊಂದನ್ನು ತಂದು ನಿಲ್ಲಿಸಿಕೊಂಡಿರುತ್ತಾನೆ. ಅದು ಬಹುಮಟ್ಟಿಗೆ, 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡ ಪುಣೆಯ ಬಜಾಜ್ ಟೆಂಪೊ ಕಂಪನಿಯ ಮ್ಯಾಟಡೋರ್. ಭರತ ಹುಣ್ಣಿಮೆಗೆ ಹಿಡಿಸುವುದಕ್ಕಿಂತ ಇಮ್ಮಡಿ ಭಕ್ತರನ್ನು ತುಂಬಿಕೊಂಡು ಯಲ್ಲಮ್ಮನ ಗುಡ್ಡ ಏರಿದ ಇತಿಹಾಸ ಅದಕ್ಕಿರುವುದರಿಂದ, ನೆಲದ ರಬ್ಬರ್ ಹಾಸನ್ನು ಎತ್ತಿದರೆ ತುಕ್ಕಿನ ಪುಡಿಯೊಡನೆ ಭಂಡಾರವೆಂಬ ದೇವಿಯ ಅರಿಸಿನವೂ ಬೆರಳಿಗೆ ಹತ್ತುತ್ತದೆ. ಭಂಡಾರ ಕಾಲ್ತುಳಿತಕ್ಕೆ ಬೀಳಬಾರದೆಂದು ಮನೆಯಾಕೆ ಅದನ್ನು ತುಕ್ಕುಸಹಿತ ಗುಡಿಸಿ ತುಳಸಿಕಟ್ಟೆಗೆ ಹಾಕಿಸುತ್ತಾಳೆ.

ತನ್ನದು ವಿಂಟೇಜ್ ವಾಹನವೆಂಬುದು ಆತನ ವಾದ. ಕೇಂದ್ರ ಸರ್ಕಾರದ 2021ರ ನಿಯಮದಂತೆ ಆ ಪದವಿಗೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ವಾಹನ ಬಾಡಿಗೆಯ ವ್ಯವಹಾರದ್ದಾಗಿರಬಾರದು. ಅಷ್ಟು ವಯಸ್ಸಾಗಿಲ್ಲವೆಂದು ಕೆಎ 24 ಎಂಬ ಬೈಲಹೊಂಗಲದ ನಂಬರ್ ಪ್ಲೇಟೇ ಹೇಳುತ್ತಿದ್ದರೂ, ಜೀವಮಾನವಿಡೀ ಪರರ ಉತ್ತರಪತ್ರಿಕೆ ಓದಿದ ಆತ ಇದೊಂದನ್ನು ಓದುವುದಿಲ್ಲ.

ಗ್ಯಾರೇಜಿಗೆ ಕೊಟ್ಟರೆ ತೂತುಗಳಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕೊಡುತ್ತಾರೆ. ಜೀರ್ಣೋದ್ಧಾರಕನ ಮತದಲ್ಲಿ ಇದು ಮಹಾಪಾತಕ. ಪತ್ರಾವನ್ನು ತಾನೇ ಬಡಿದು ರೂಪಕ್ಕೆ ತರಬೇಕು. ಪತ್ರಾ ಎಂದರೆ ಈ ಭಾಗದಲ್ಲಿ ಉಕ್ಕಿನ ತೆಳು ತಗಡು. ಆತ ಕೊಂಡು ತರುವ 20 ಗೇಜಿನದು ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ದಪ್ಪ. ಅದನ್ನು ಮರಳು ತುಂಬಿದ ತೊಗಲು ಚೀಲದ ಮೇಲಿಟ್ಟು ಕಟ್ಟಿಗೆಯ ಕೊಡತಿಯಿಂದ ಬಡಿದರೆ, ಪೆಟ್ಟು ಬಿದ್ದಲ್ಲಿ ಲೋಹ ತೆಳುವಾಗಿ ಹಿಗ್ಗಿ ತಗ್ಗಾಗುತ್ತದೆ, ಅಂಚು ಮಾತ್ರ ನೆರಿಗೆಗಟ್ಟುತ್ತದೆ. ಆ ನೆರಿಗೆಯನ್ನು ಹರಿಯದಂತೆ ಕೂಡಿಸುವುದೇ ವಿದ್ಯೆಯ ಮರ್ಮ. ತಾಮ್ರದ ಹಂಡೆ ಬಡಿಯುವವರಿಗೆ ಇದು ಹಳೆಯ ಸಂಗತಿ. ಮಾಸ್ತರನಿಗೆ ಹಿಗ್ಗಿಸುವುದು ಒಂದೇ ದಿನದಲ್ಲಿ ಬಂತು, ಕೂಡಿಸುವುದು ಬರಲೇ ಇಲ್ಲ. ನೆಗ್ಗಿದ ಬಾಗಿಲನ್ನು ಒಳಗಿನಿಂದ ಬಡಿದಂತೆಲ್ಲ ಪತ್ರಾ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ಜಾಗ ಸಾಲದೆ ಹೊರಕ್ಕೆ ಉಬ್ಬುತ್ತದೆ, ಉಬ್ಬನ್ನು ಹೊರಗಿನಿಂದ ಬಡಿದರೆ ಇನ್ನಷ್ಟು ಹಿಗ್ಗುತ್ತದೆ. ಕಡೆಗೆ ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗಿ, ಬಿಟ್ಟರೆ ‘ಟಪ್ಪ್’ ಎಂದು ಹೊರಕ್ಕೆ ಬರುವ ಸ್ಥಿತಿಗೆ ಬಾಗಿಲು ತಲುಪುತ್ತದೆ. ಆಗ ಕಿತ್ತೂರಿನ ಹೆದ್ದಾರಿ ಬದಿಯ ಮಿಸ್ತ್ರಿಯನ್ನು ಕರೆಸಲಾಗುತ್ತದೆ. ಆತ ಉಬ್ಬಿನ ನಡುವೆ ರೂಪಾಯಿ ನಾಣ್ಯದಷ್ಟು ಜಾಗವನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಸಿ, ಹಿಂದೆ ಕಬ್ಬಿಣದ ಗಟ್ಟಿ ಹಿಡಿದು ಮೆಲ್ಲಗೆ ತಟ್ಟಿ, ಒದ್ದೆ ಅರಿವೆ ಒತ್ತುತ್ತಾನೆ. ತಣಿಯುತ್ತ ಲೋಹ ಮುದುಡಿ ಬಿಗಿಯುತ್ತದೆ. “ಸರ, ನೀವು ಇನ್ನಾ ಸಾಲಿ ಹುಡುಗೂರ್ನ ಬಡದಂಗ ಬಡ್ಯಾಕತ್ತೀರಿ. ಪತ್ರಾ ಅಂಜೂದಿಲ್ರಿ,” ಎಂದು ಹೇಳಿ, ಚಹಾ ಕುಡಿದು, ರೊಕ್ಕ ಎಣಿಸಿಕೊಂಡು ಹೋಗುತ್ತಾನೆ.

ಪ್ರಾದೇಶಿಕ ಭೇದಗಳು ಅಲ್ಪ. ರಾಮದುರ್ಗದಲ್ಲಿ ಮಗ್ಗಗಳ ಸದ್ದಿನ ನಡುವೆ ಈ ಬಡಿತ ಕೇಳಿಸದಿರುವುದರಿಂದ ನೆರೆಹೊರೆಯ ತಕರಾರಿಲ್ಲ ಎಂಬುದಷ್ಟೇ ಉಲ್ಲೇಖಾರ್ಹ.

ಅರೆವಿದ್ಯೆ ಕೈಗೆ ಹತ್ತಿದ ಮೇಲೆ ಜೀರ್ಣೋದ್ಧಾರಕನು ಸಮಾಜಕ್ಕೆ ಅಪಾಯಕಾರಿಯಾಗುತ್ತಾನೆ. ದಪ್ಪ ಪುಟ್ಟಿಯ ಮೇಲೆ ಅಯಸ್ಕಾಂತ ನಿಲ್ಲದೆಂಬ ತತ್ತ್ವವನ್ನು ತಿಳಿದುಕೊಂಡು, ಕಿಸೆಯಲ್ಲಿ ಅದರ ತುಂಡೊಂದನ್ನು ಇಟ್ಟುಕೊಂಡು ತಿರುಗುತ್ತಾನೆ. ಮಗಳನ್ನು ನೋಡಲು ಬಂದ ಬೀಗರ ಕಾರಿನ ಮಡ್‌ಗಾರ್ಡಿಗೆ ಅದನ್ನು ಹಚ್ಚಿ, ಅದು ಕೆಳಗೆ ಬಿದ್ದಾಗ, “ಇದು ಒಮ್ಮೆ ಬಡಿಸಿಕೊಂಡ ಗಾಡಿ” ಎಂದು ಎಲ್ಲರೆದುರು ಸಾರುತ್ತಾನೆ. ಮಾತುಕತೆ ಮುಂದುವರಿಯುವುದೂ ಬಿಡುವುದೂ ಬೀಗರ ಸಹನೆಗೆ ಬಿಟ್ಟದ್ದು. ಹೆಂಡತಿಯು, “ಅದಕ ಹಾಕಿದ ರೊಕ್ಕದಾಗ ಎರಡ ಎಮ್ಮಿ ಬರ್ತಿದ್ವು, ಹಾಲರ ಕೊಡ್ತಿದ್ವು” ಎಂದರೆ, ಎಮ್ಮೆಗೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಅದರಲ್ಲಿ ಕಲಿಯುವುದೇನೂ ಇಲ್ಲವೆಂಬುದು ಆತನ ಉತ್ತರ.

ಕೆಲಸ ಮುಗಿಯದಿರಲು ಕಾರಣ ಸೋಮಾರಿತನವಲ್ಲ. ಎಡ ಮಗ್ಗುಲನ್ನು ಕಲಿಯುತ್ತ ಮಾಡಿರುತ್ತಾನೆ, ಬಲ ಮಗ್ಗುಲನ್ನು ಕಲಿತು ಮಾಡಿರುತ್ತಾನೆ. ಎರಡನ್ನೂ ಹೋಲಿಸಿದಾಗ ಎಡದ್ದು ನಾಚಿಕೆಗೇಡೆನಿಸಿ ಕತ್ತರಿಸಿ ಹೊಸದು ಕೂರಿಸುತ್ತಾನೆ, ಅಷ್ಟರಲ್ಲಿ ಕೈ ಇನ್ನೂ ಪಳಗಿರುವುದರಿಂದ ಈಗ ಬಲದ್ದು ಕಣ್ಣಿಗೆ ಚುಚ್ಚತೊಡಗುತ್ತದೆ. ಹೀಗಾಗಿ “ಬರುವ ಭರತ ಹುಣ್ಣಿಮೆಗೆ ನಮ್ಮ ಗಾಡಿಯಲ್ಲೇ ಗುಡ್ಡಕ್ಕೆ” ಎಂಬ ಘೋಷಣೆ ಪ್ರತಿವರ್ಷ ಹೊರಡುತ್ತದೆ, ಮನೆಮಂದಿಯೂ ಪ್ರತಿವರ್ಷ ಬುತ್ತಿ ಕಟ್ಟಿಕೊಂಡು ವಾಯವ್ಯ ಸಾರಿಗೆಯ ಬಸ್ಸಿಗೆ ಹೊರಡುತ್ತಾರೆ.