ಸದ್ದಿದ್ದರೆ ಚಿಂತೆಯಿಲ್ಲ

ಹೊಸ ಕಾರಿನಲ್ಲಿ ದೂರದೂರಿಗೆ ಹೊರಟವರು ಕಿಟಕಿಯಾಚೆ ನೋಡುತ್ತಾರೆ. ಎರಡು ಲಕ್ಷ ಕಿಲೋಮೀಟರ್ ದಾಟಿದ ಕಾರಿನಲ್ಲಿ ಹೊರಟವರು ಕಿವಿಗೊಟ್ಟು ಕೂರುತ್ತಾರೆ. ಬೆಂಗಳೂರಿನಿಂದ ಹೊನ್ನಾವರಕ್ಕೆ ನಾನೂರು ಚಿಲ್ಲರೆ ಕಿಲೋಮೀಟರ್. ಆ ದಾರಿಯ ತಿಪಟೂರಿನ ತೆಂಗಿನ ತೋಟಗಳು, ತರೀಕೆರೆಯ ಬೆಟ್ಟಸಾಲು, ಸಾಗರ ದಾಟಿದ ಮೇಲಿನ ಕಾಡು ಹೇಗಿದ್ದವು ಎಂದು ನಮ್ಮ ಮನೆಯವರನ್ನು ಕೇಳಿ ನೋಡಿ, ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅದೇ ಅರಸೀಕೆರೆ ಕಳೆದ ಮೇಲೆ ಹಿಂದಿನ ಎಡಚಕ್ರ ‘ಗೊರ್’ ಎಂದಿತೋ ‘ಗುಂಯ್’ ಎಂದಿತೋ ಎಂದು ಕೇಳಿ, ತಟ್ಟೆಯಲ್ಲಿ ಬಡಿಸಿದ ಅನ್ನ ಆರಿದರೂ ವಾದ ಆರುವುದಿಲ್ಲ.

ನಮ್ಮ ಕಾರು ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಅವರ ತಪ್ಪೇನೂ ಇಲ್ಲ. ಇಷ್ಟು ವರ್ಷ ಓಡಿಸಿ ಎಂದು ಅವರೇನು ಕಾಲಿಗೆ ಬಿದ್ದಿರಲಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿ, ತೆರಿಗೆ ಕಟ್ಟಿ ಬಂದರೆ ಇನ್ನು 5 ವರ್ಷ ಓಡಬಹುದು ಎಂಬ ಕಾಗದ ಸಿಗುತ್ತದೆ. ನಮ್ಮ ಮನೆಯಲ್ಲಿ ಮುಂದಿನ ಐದು ವರ್ಷಕ್ಕೆ ಲಿಖಿತ ಭರವಸೆ ಇರುವುದು ಈ ಕಾರಿಗೊಂದಕ್ಕೇ. ನನ್ನ ಡಾಕ್ಟರು ಮೂರು ತಿಂಗಳಿಗಿಂತ ಮುಂದಿನ ಮಾತೇ ಆಡುವುದಿಲ್ಲ.

ಆ ಕಾಗದ ಕೈಗೆ ಬಂದ ಸ್ವಲ್ಪ ದಿನಕ್ಕೇ ಮೀಟರಿನ ಕೇಬಲ್ ತುಂಡಾಯಿತು. ಮುಳ್ಳೂ ನಿಂತಿತು, ಅಂಕಿಯೂ ನಿಂತಿತು. ಅಂದಿನಿಂದ ಕಾರಿಗೆ ವಯಸ್ಸಾಗುವುದೂ ನಿಂತಿತು. ಹೊಸ ಕೇಬಲ್ ಬರುವವರೆಗೆ ವೇಗವನ್ನೂ ನಾವು ಕಿವಿಯಿಂದಲೇ ಅಳೆದೆವು. ಐವತ್ತಕ್ಕೆ ಡ್ಯಾಶ್‌ಬೋರ್ಡು ಗಲಗಲ ಎನ್ನುತ್ತದೆ. ಅರವತ್ತಕ್ಕೆ ಎಡಗಡೆ ಹಿಂಬಾಗಿಲು ದನಿಗೂಡಿಸುತ್ತದೆ. ಎಪ್ಪತ್ತು ದಾಟಿದರೆ ಅಮ್ಮ ‘ರಾಮ ರಾಮ’ ಅನ್ನುತ್ತಾರೆ. ಆ ಮೀಟರಿನಲ್ಲಿ ಎರಡು ಕಿಲೋಮೀಟರ್ ಅತ್ತಿತ್ತ ಆದದ್ದಿಲ್ಲ.

ಸಾಮಾನ್ಯವಾಗಿ ಕಾರಿನಲ್ಲಿ ಡ್ರೈವರ್ ಒಬ್ಬನಿಗೆ ಕೆಲಸ, ಉಳಿದವರಿಗೆ ನಿದ್ದೆ. ನಮ್ಮಲ್ಲಿ ಐವರಿಗೂ ಡ್ಯೂಟಿ ಉಂಟು. ಎಂಜಿನ್ನು ನನ್ನದು. ಬ್ರೇಕು ನನ್ನ ಹೆಂಡತಿಯದು. ಮದುವೆಯಾದಂದಿನಿಂದ ನನ್ನನ್ನು ನಿಲ್ಲಿಸುವ ಜವಾಬ್ದಾರಿ ಅವಳದೇ. ಬೆಲ್ಟುಗಳು ಮಗನ ಪಾಲು. ಡಿಕ್ಕಿ, ಸ್ಟೆಪ್ನಿ, ಸೈಲೆನ್ಸರ್ ಮಗಳ ಸುಪರ್ದಿ. ಮನೆಯಲ್ಲಿ ಕುಕ್ಕರು ನಾಲ್ಕು ಸೀಟಿ ಹಾಕಿದರೂ ಕೇಳಿಸದ ಅಮ್ಮನದು ಮೇಲ್ವಿಚಾರಣೆ. ಹೆದ್ದಾರಿಯಲ್ಲಿ ಅವರ ಕಿವಿ ಎಷ್ಟು ಚುರುಕಾಗುತ್ತದೆಂದರೆ, ಇನ್ನೂ ಬರದ ಸದ್ದೂ ಅವರಿಗೆ ಕೇಳಿಸುತ್ತದೆ.

ವರ್ಷಗಟ್ಟಲೆ ಕೇಳಿ ಕೇಳಿ ನಾವೊಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದೇವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ‘ಕೀಂಯ್’ ಎಂದು ಕಿರುಚಿ ಸುಮ್ಮನಾದರೆ ಬೆಲ್ಟು ಸಡಿಲ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಬಳಿ ‘ಟಕಟಕ’ ಎಂದರೆ ಆಕ್ಸಲ್ ಜಾಯಿಂಟ್ ಸವೆದಿದೆ. ವೇಗದ ಜೊತೆ ಏರುವ ‘ಗುಂಯ್’ ಒಂದು ತಿರುವಿನಲ್ಲಿ ಜೋರಾಗಿ, ಎದುರು ತಿರುವಿನಲ್ಲಿ ತಗ್ಗಿದರೆ ಅದು ವೀಲ್ ಬೇರಿಂಗ್. ಬ್ರೇಕ್ ಪ್ಯಾಡಿನ ಕಥೆಯಂತೂ ಇನ್ನೂ ಚೆಂದ. ಅನೇಕ ಪ್ಯಾಡುಗಳಲ್ಲಿ ಒಂದು ಪುಟ್ಟ ಲೋಹದ ನಾಲಗೆಯನ್ನು ಬೇಕೆಂದೇ ಕೂರಿಸಿರುತ್ತಾರೆ. ಪ್ಯಾಡು ಸವೆದು ತೆಳ್ಳಗಾದಾಗ ಆ ನಾಲಗೆ ಡಿಸ್ಕಿಗೆ ತಗುಲಿ ‘ಚೀಂಯ್’ ಎನ್ನುತ್ತದೆ. ಅಂದರೆ ಗಾಡಿ ಮಾತಾಡಬೇಕು ಎಂಬುದು ಅದನ್ನು ಮಾಡಿದವರ ಆಸೆಯೂ ಹೌದು. ಕೇಳಿಸಿಕೊಳ್ಳುವ ಸಹನೆಯಿಲ್ಲದವರು ಸ್ಟೀರಿಯೋ ಹಾಕಿಸಿಕೊಳ್ಳುತ್ತಾರೆ.

ಹೊರಡುವ ಹಿಂದಿನ ಸಂಜೆ ಡಿಕ್ಕಿ ತುಂಬುವ ಕಾರ್ಯಕ್ರಮ. ಎರಡು ಕ್ಯಾನ್ ನೀರು, ಬಿಚ್ಚಿಟ್ಟ ಹಳೆಯ ಫ್ಯಾನ್ ಬೆಲ್ಟು, ಬೈಂಡಿಂಗ್ ವೈರು, ಜಾಕಿ, ಬಟ್ಟೆ ಸೋಪಿನ ಬಾರು, ಅರಿಶಿನದ ಪೊಟ್ಟಣ. ಕೊನೆಯ ಎರಡನ್ನು ನೋಡಿದ ನೆಂಟರು ಪೂಜೆಗೆ ಹೊರಟಿದ್ದೇವೆ ಎಂದುಕೊಳ್ಳುತ್ತಾರೆ. ಪೆಟ್ರೋಲ್ ಟ್ಯಾಂಕು ಬೆವರಿದರೆ ಆ ಜಾಗಕ್ಕೆ ಸೋಪು ತಿಕ್ಕುವುದು, ರೇಡಿಯೇಟರ್ ಸಣ್ಣಗೆ ಸೋರಿದರೆ ಅದರೊಳಗೆ ಅರಿಶಿನ ಸುರಿಯುವುದು ಲಾರಿ ಡ್ರೈವರುಗಳ ಹಳೆಯ ಮದ್ದು. ಮುಂದಿನ ಊರಿನ ಗ್ಯಾರೇಜು ಮುಟ್ಟುವಷ್ಟು ಕಾಲ ಅದು ಮರ್ಯಾದೆ ಉಳಿಸುತ್ತದೆ. ಆಮೇಲೆ ರೇಡಿಯೇಟರ್ ತೊಳೆಯುವ ಹುಡುಗ, “ಏನ್ ಸಾರ್, ಒಳಗೆ ಸಾರು ಮಾಡಿದ್ದೀರಾ?” ಎಂದು ಕೇಳುತ್ತಾನೆ, ಅಷ್ಟೇ.

ಹೊನ್ನಾವರದ ಹತ್ತಿರ ನನ್ನ ಹೆಂಡತಿಯ ತವರು. ಹೋಗುವಾಗ ಗೇರುಸೊಪ್ಪ ಘಾಟಿ ಇಳಿಜಾರು, ಬರುವಾಗ ಏರು. ಇಳಿಯುವಾಗ ಎರಡನೇ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲೇ ಗಾಡಿಯನ್ನು ಬಿಡಬೇಕು. ಬ್ರೇಕನ್ನೇ ನೆಚ್ಚಿದರೆ ಅದು ಕಾದು, ನಾರಿ, ಕಡೆಗೆ ಕೈಬಿಡುತ್ತದೆ. ಏರುವ ಕಷ್ಟವೇ ಬೇರೆ. ಮೇ ತಿಂಗಳ ಕರಾವಳಿಯ ಬೇಗೆ, ಡಿಕ್ಕಿ ತುಂಬ ತವರಿನ ಹಲಸು, ಹಪ್ಪಳ, ಮಿಡಿ ಉಪ್ಪಿನಕಾಯಿ. ನಾಲ್ಕನೇ ತಿರುವಿಗೇ ಶಾಖದ ಮುಳ್ಳು ಕೆಂಪಿನ ಕಡೆ ಹೊರಳುತ್ತದೆ. ಆಗ ಎಸಿ ಆರಿಸಿ ಹೀಟರ್ ಹಾಕಬೇಕು. ಹೀಟರ್ ಎಂದರೆ ಒಳಗಡೆಯ ಮರಿ ರೇಡಿಯೇಟರು. ಎಂಜಿನ್ನಿನ ಬಿಸಿನೀರು ಅದರೊಳಗೆ ಹರಿದು, ಎಂಜಿನ್ನಿನ ಶಾಖವನ್ನು ನಮ್ಮ ಮುಖಕ್ಕೆ ದಾಟಿಸುತ್ತದೆ. ಎಂಜಿನ್ನು ತಣ್ಣಗಾಗುತ್ತದೆ, ನಾವು ಬೇಯುತ್ತೇವೆ. ಎದುರಿಗೆ ಬರುವವರಿಗೆ ಮಾತ್ರ, ಗಾಜು ಇಳಿಸಿ, ತಲೆ ಹೊರಗೆ ಹಾಕಿ ಬಾಯಿ ತೆರೆದ ಐದು ಜನ ಪ್ರಕೃತಿಪ್ರಿಯರು ಕಾಣುತ್ತಾರೆ.

ಅಷ್ಟಾದರೂ ಮುಳ್ಳು ಇಳಿಯದಿದ್ದರೆ ನಿಲ್ಲಿಸಬೇಕು. ನಿಂತ ಹಳೆ ಕಾರು ಬೆಲ್ಲದ ಅಚ್ಚಿನಂತೆ. ಎಲ್ಲಿಂದ ಬಂದರೋ ಗೊತ್ತಾಗುವುದಿಲ್ಲ, ಸುತ್ತ ಜನ. ಒಬ್ಬರು ಕ್ಯಾಪ್ ತೆಗೆಯಿರಿ ಅನ್ನುತ್ತಾರೆ, ಇನ್ನೊಬ್ಬರು ತಣ್ಣೀರು ಹೊಯ್ಯಿರಿ ಅನ್ನುತ್ತಾರೆ. ಎರಡೂ ಅಪಾಯ. ಒತ್ತಡ ಏರಿದಂತೆ ನೀರು ಕುದಿಯುವ ಬಿಂದುವೂ ಏರುತ್ತದೆ. ಆ ಒತ್ತಡವನ್ನು ಹಿಡಿದಿಡುವುದೇ ಕ್ಯಾಪಿನ ಕೆಲಸ. ಕಾದ ರೇಡಿಯೇಟರಿನ ಕ್ಯಾಪು ತಿರುಗಿಸಿದರೆ ನೀರು ಹಬೆಯಾಗಿ ಮುಖಕ್ಕೇ ಚಿಮ್ಮುತ್ತದೆ. ಆರುವವರೆಗೆ ಕಾಯುವುದೊಂದೇ ದಾರಿ. ಕಾಯುವ ಹೊತ್ತಿನಲ್ಲಿ ಹಪ್ಪಳದ ಕಟ್ಟು ಬಿಚ್ಚುವಂತಿಲ್ಲ, ಸುಡಲು ಬಾನೆಟ್ ಬಿಸಿ ಸಾಲದು ಎಂದು ಮಗ ಪರೀಕ್ಷೆ ಮಾಡಿ ತಿಳಿಸಿದ್ದಾನೆ.

ಒಮ್ಮೆ ಹೋಗುವ ದಾರಿಯಲ್ಲಿ ಕಡೂರಿನ ಆಸುಪಾಸು ಹೊಸದೊಂದು ದನಿ ಸೇರಿಕೊಂಡಿತು. ನಮ್ಮ ಐವರಲ್ಲೂ ಒಮ್ಮತ ಮೂಡದೆ ರಸ್ತೆ ಪಕ್ಕದ ಗ್ಯಾರೇಜಿಗೆ ತಿರುಗಿಸಿದೆವು. ಅಲ್ಲಿನ ಉಸ್ತಾದರು ಏನನ್ನೂ ಕೇಳಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರು. ಹೆಂಡತಿ ಮಕ್ಕಳನ್ನು ‘ಶ್’ ಎಂದು ಸುಮ್ಮನಿರಿಸಿದಳು.

“ಆಲ್ಟರ್ನೇಟರ್ ಬೇರಿಂಗು ಸಾರ್. ಪಾರ್ಟು ಇವತ್ತು ಸಿಗಲ್ಲ. ಹೊನ್ನಾವರ ಆರಾಮಾಗಿ ಮುಟ್ಟುತ್ತೆ. ವಾಪಸ್ ಬರೋದಕ್ಕೆ ಗ್ಯಾರಂಟಿ ಕೊಡಲ್ಲ.”

“ತವರಿಗೆ ಹೋಗೋದು ಗ್ಯಾರಂಟಿ ಅಂದ್ರಲ್ಲ ರೀ, ನಡೀರಿ ಮತ್ತೆ” ಎಂದಳು ನನ್ನ ಹೆಂಡತಿ.

ದುಡ್ಡು ಕೊಡಹೋದರೆ ಉಸ್ತಾದರು ತೆಗೆದುಕೊಳ್ಳಲಿಲ್ಲ. ಕೇಳಿದ್ದಕ್ಕೆಲ್ಲ ಕಾಸು ಯಾಕೆ ಎಂದರು. ಅತ್ತ ತವರಿನಲ್ಲಿ ನಮ್ಮ ಮಾವ ತಿರುವಿನಾಚೆ ಕೇಳಿದ ಕಾರಿನ ಸದ್ದಿಗೇ ಕಷಾಯಕ್ಕೆ ನೀರಿಡಿಸಿದ್ದರು. ಫೋನು ಮಾಡುವ ಖರ್ಚು ನಮಗೆಂದೂ ಬಂದದ್ದಿಲ್ಲ.

ಇಷ್ಟಕ್ಕೇ ನಮ್ಮದೊಂದು ಸಾಹಸ ಎಂದು ಬೀಗುವ ಹಾಗಿಲ್ಲ. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಅರ್ವ್ ಗಾರ್ಡನ್ ಎಂಬ ವಿಜ್ಞಾನದ ಮೇಷ್ಟ್ರಿದ್ದರು. 1966ರಲ್ಲಿ ಕೊಂಡ ವೋಲ್ವೋ ಪಿ1800 ಕಾರನ್ನೇ ಓಡಿಸುತ್ತ, 2013ರಲ್ಲಿ ಅಲಾಸ್ಕಾದಲ್ಲಿ 30 ಲಕ್ಷ ಮೈಲಿ ಪೂರೈಸಿದರು. ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿಲೋಮೀಟರ್. ಗ್ರೀಸಿನ ಟ್ಯಾಕ್ಸಿ ಡ್ರೈವರ್ ಗ್ರೆಗೋರಿಯೋಸ್ ಸಾಚಿನಿಡಿಸ್ ತಮ್ಮ 1976ರ ಮರ್ಸಿಡಿಸ್ ಬೆಂಜ್ 240ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಕಂಪನಿಯ ಮ್ಯೂಸಿಯಮ್ಮಿಗೆ ಕೊಟ್ಟರು. ಭೂಮಿಯಿಂದ ಚಂದ್ರನಿಗೆ ಸರಾಸರಿ 3,84,400 ಕಿಲೋಮೀಟರ್. ಇಬ್ಬರೂ ಚಂದ್ರನಲ್ಲಿಗೆ ಆರಾರು ಸಲ ಹೋಗಿ ಬಂದ ಹಾಗಾಯಿತು. ನಮ್ಮದು ಇನ್ನೂ ಹೋಗುವ ದಾರಿಯಲ್ಲೇ ಇದೆ. ಮುಟ್ಟಿದ ಮೇಲೆ ಅಲ್ಲಿ ಸುತ್ತ ನಿಂತು ಸಲಹೆ ಕೊಡುವವರು ಯಾರಾದರೂ ಸಿಗುತ್ತಾರೋ ಎಂಬುದೊಂದೇ ಅಮ್ಮನ ಅನುಮಾನ.

ಈಚೆಗೆ ನನ್ನ ಷಡ್ಡಕ ಹೊಸ ಕಾರು ತಂದು, “ಈ ಸಲ ಇದರಲ್ಲೇ ಬನ್ನಿ ಭಾವ” ಎಂದು ಎಲ್ಲರನ್ನೂ ಕೂರಿಸಿಕೊಂಡ. ಗಾಜು ಏರಿಸಿದ್ದೇ ತಡ, ಒಳಗೆ ನಿಶ್ಶಬ್ದ. ತಿಪಟೂರು ಬಂತು, ಅರಸೀಕೆರೆ ಹೋಯಿತು, ಗೊರ್ ಇಲ್ಲ, ಗುಂಯ್ ಇಲ್ಲ. ಮಗ ಉಗುರು ಕಚ್ಚತೊಡಗಿದ. ಅಮ್ಮ ಮುಂದಕ್ಕೆ ಬಾಗಿ, “ಇದಕ್ಕೆ ಎಲ್ಲಿ ನೋವು ಅಂತ ಹೇಗಪ್ಪಾ ಗೊತ್ತಾಗೋದು?” ಎಂದರು. “ಇದಕ್ಕೆ ನೋವೇ ಬರಲ್ಲಮ್ಮ” ಎಂದು ಷಡ್ಡಕ ನಕ್ಕ.

ತರೀಕೆರೆ ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಗಾಡಿ ಎಳೆಯುವುದನ್ನು ಬಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತಿತು. ಷಡ್ಡಕ ಬಾನೆಟ್ ಎತ್ತಿದರೆ ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. ಕಂಪ್ಯೂಟರ್ ಹಾಕಿ ನೋಡದ ಹೊರತು ಏನೂ ಹೇಳಲಾಗದು, ಮುಟ್ಟಬೇಡಿ ಎಂದು ಫೋನಿನಲ್ಲಿ ಅಪ್ಪಣೆಯಾಯಿತು. ಟೋ ಮಾಡುವ ಲಾರಿ ಬರುವವರೆಗೆ ನಾವು ಐದೂ ಜನ ಸರದಿಯ ಮೇಲೆ ಕಿವಿಯಿಟ್ಟು ನೋಡಿದೆವು. ನಲವತ್ತು ಸಾವಿರ ಕಿಲೋಮೀಟರ್ ಕೂಡ ಆಗದ ಎಳೆಗೂಸು, ಇನ್ನೂ ಮಾತು ಬಂದಿರಲಿಲ್ಲ.