ಮೂರಡಿ ಜಾಗದ ದಾವೆ

(ಬೆಂಗಳೂರಿನ ಹೊರ ವರ್ತುಲ ರಸ್ತೆ. ಕೆಂಪು ದೀಪ. ನಮ್ಮೂರಲ್ಲಿ ಚರ್ಚೆಗೆ ಬಿಡುವು ಸಿಗೋದು ಇಲ್ಲೇ.)

ಕಾರಿನವರು: ಏನ್ರೀ, ರಸ್ತೆ ನಿಮ್ಮಪ್ಪಂದಾ?

ಸೈಕಲ್ಲಿನವರು: ಸಾರ್ವಜನಿಕರದ್ದು ಸಾರ್. ನನಗೆ ಮೂರಡಿ ಸಾಕು. ವಾಮನ ಕೇಳಿದ್ದೂ ಅಷ್ಟೇ.

ಕಾರಿನವರು: ಆಮೇಲೆ ತಲೆ ಮೇಲೆ ಕಾಲಿಟ್ಟ! ಲೈಸೆನ್ಸ್ ಇದ್ಯಾ? ಇನ್ಶೂರೆನ್ಸ್?

ಸೈಕಲ್ಲಿನವರು: 1988ರ ಮೋಟಾರು ವಾಹನ ಕಾಯ್ದೆ ಅವನ್ನೆಲ್ಲ ಕೇಳೋದು ಮೋಟಾರಿರೋ ಗಾಡಿಗೆ. ನನ್ನದಕ್ಕಿರೋದು ಮೊಣಕಾಲು.

ಕಾರಿನವರು: ಅಂದ್ರೆ ನಿಮಗೆ ಕಾನೂನೇ ಇಲ್ಲ!

ಸೈಕಲ್ಲಿನವರು: ಯಾಕಿಲ್ಲ? ಎಡಗಡೆ ಹೋಗಬೇಕು, ಸಿಗ್ನಲ್ಲಿಗೆ ನಿಲ್ಲಬೇಕು, ಎದುರು ದಿಕ್ಕಲ್ಲಿ ನುಗ್ಗಬಾರದು...

(ಇನ್ನೊಬ್ಬ ಸೈಕಲ್ ಸವಾರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಎದುರು ದಿಕ್ಕಿನಿಂದಲೇ ಬಂದು, ಕೆಂಪು ದೀಪ ದಾಟಿ ಮಾಯವಾಗುತ್ತಾನೆ.)

ಕಾರಿನವರು: ನೋಡಿ, ನಿಮ್ಮ ಬಳಗ!

ಸೈಕಲ್ಲಿನವರು: ಕಾರು ಬುಕ್ ಮಾಡಿರಬೇಕು ಸಾರ್, ಈಗಿಂದಲೇ ಪ್ರಾಕ್ಟೀಸು.

ಕಾರಿನವರು: 2020ರಲ್ಲಿ ಇದೇ ರಸ್ತೇಲಿ ನಿಮಗೇ ಅಂತ ಲೇನ್ ಮಾಡಿಕೊಟ್ಟಿದ್ರಲ್ಲ?

ಸೈಕಲ್ಲಿನವರು: ಕೊಟ್ಟಿದ್ರು, ಗೂಟ ನೆಟ್ಟು. ಇದ್ದಷ್ಟು ದಿನ ಬೈಕಿನವರಿಗೆ ಬಹಳ ಅನುಕೂಲವಾಯ್ತು. ಆಮೇಲೆ ಮೆಟ್ರೋ ಕಾಮಗಾರಿ ಬಂತು, ಲೇನು ಹೋಯ್ತು.

(ಹಸಿರು ದೀಪ. ಹಿಂದಿನ ಹಾರ್ನುಗಳು ಒಕ್ಕೊರಲಿನಿಂದ ಠರಾವು ಪಾಸು ಮಾಡುತ್ತವೆ.)

ಕಾರಿನವರು: ಸರೀರೀ, ಪಕ್ಕಕ್ಕೆ ಹೋಗಿ. ನನಗೆ ಕಾರ್ಯಕ್ರಮಕ್ಕೆ ತಡ ಆಗ್ತಿದೆ.

ಸೈಕಲ್ಲಿನವರು: ಯಾವ ಕಾರ್ಯಕ್ರಮ ಸಾರ್?

ಕಾರಿನವರು: ಇವತ್ತು ಜೂನ್ 3, ವಿಶ್ವ ಸೈಕಲ್ ದಿನ ಅಲ್ವೇನ್ರೀ? ಜಾಥಾಕ್ಕೆ ಬಾವುಟ ತೋರಿಸಬೇಕಾದವನು ನಾನೇ!